ಭೂದಾಖಲೆಗಳ ಡೇಟಾಬೇಸ್: ಪುನಃಸ್ಥಾಪನಾ ಮಾದರಿ ಮತ್ತು ಬ್ಯಾಕಪ್ ಕ್ರಮ

ತಿಕೋಟಾ ತಾಲ್ಲೂಕಿನ ಘೋಣಸಗಿಯ ರೈತನು ಬೆಳೆ ಸಾಲಕ್ಕಾಗಿ ಬ್ಯಾಂಕಿಗೆ ಒಯ್ಯುವ ‘ಉತಾರ’ವು ರಾಜ್ಯದ ಇತರೆಡೆ ‘ಪಹಣಿ’ ಎನಿಸಿಕೊಂಡಿದೆ. ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದ ಈ ದಾಖಲೆಗಳನ್ನು ‘ಭೂಮಿ’ ಯೋಜನೆಯು ಗಣಕೀಕರಿಸಿತು. 2002ರ ವೇಳೆಗೆ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದ್ದವು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಇಂಥ ದಾಖಲೆಗೆ ಯಾವ ಪುನಃಸ್ಥಾಪನಾ ಮಾದರಿ ತಕ್ಕುದೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯೋಜನೆಯ ಆಂತರಿಕ ವ್ಯವಸ್ಥೆಯ ವರ್ಣನೆ ಇಲ್ಲಿನ ವಿಷಯವಲ್ಲ.

ಕಂದಾಯ ಪದ್ಧತಿಯಲ್ಲಿಯೇ ಇದಕ್ಕೊಂದು ಹೋಲಿಕೆಯಿದೆ. ಪಹಣಿಯು ಜಮೀನಿನ ಸದ್ಯದ ಸ್ಥಿತಿಯನ್ನು ಹೇಳಿದರೆ, ಹಕ್ಕು ಬದಲಾವಣೆಯ ರಿಜಿಸ್ಟರು ಆ ಸ್ಥಿತಿ ಉಂಟಾದ ಬಗೆಯನ್ನು ಕ್ರಮವಾಗಿ ಹೇಳುತ್ತದೆ. ಡೇಟಾಬೇಸಿನಲ್ಲಿ ದತ್ತಾಂಶ ಕಡತವು ಪಹಣಿಯಂತೆ. ‘ಲಾಗ್’ ಎಂಬ ವಹಿವಾಟು ಕಡತವು ಆ ರಿಜಿಸ್ಟರಿನಂತೆ. ಹಳೆಯ ಪ್ರತಿಯೂ ಅನಂತರದ ಲಾಗೂ ಉಳಿದಿದ್ದರೆ ನಷ್ಟವಾದ ಸ್ಥಿತಿಯನ್ನು ಮತ್ತೆ ಕಟ್ಟಬಹುದು.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2000ರಿಂದ ಮೂರು ಮಾದರಿಗಳು ಬಳಕೆಗೆ ಬಂದವು. ‘ಸಿಂಪಲ್’ ಮಾದರಿಯಲ್ಲಿ ಮುಗಿದ ವಹಿವಾಟುಗಳ ಲಾಗ್ ಜಾಗವು ತಾನಾಗಿ ಮರುಬಳಕೆಯಾಗುತ್ತದೆ. ಲಾಗ್ ಬ್ಯಾಕಪ್ ಸಾಧ್ಯವಿಲ್ಲ. ‘ಫುಲ್’ ಮಾದರಿಯಲ್ಲಿ ಬ್ಯಾಕಪ್ ಆಗುವವರೆಗೆ ಲಾಗ್ ಉಳಿಯುತ್ತದೆ; ಬೇಕಾದ ಕ್ಷಣಕ್ಕೆ ಹಿಂದಿರುಗಬಹುದು. ‘ಬಲ್ಕ್-ಲಾಗ್ಡ್’ ಮಾದರಿಯು ದೊಡ್ಡ ಪ್ರಮಾಣದ ಸೇರ್ಪಡೆಯ ವೇಳೆ ಲಾಗನ್ನು ಹಗುರಗೊಳಿಸುತ್ತದೆ. ಆದರೆ ಅಂಥ ಸೇರ್ಪಡೆಯಿರುವ ಲಾಗ್ ಬ್ಯಾಕಪ್ಪಿನ ನಡುವಣ ಕ್ಷಣವೊಂದಕ್ಕೆ ಹಿಂದಿರುಗಲಾಗದು.

ಭಾನುವಾರ ಪೂರ್ಣ ಬ್ಯಾಕಪ್, ಉಳಿದ ರಾತ್ರಿಗಳಲ್ಲಿ ಪೂರ್ಣ ಬ್ಯಾಕಪ್ಪಿನ ನಂತರದ ವ್ಯತ್ಯಾಸಗಳ ಬ್ಯಾಕಪ್, ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ನಡೆಯುತ್ತಿದೆಯೆಂದು ಭಾವಿಸೋಣ. ಗುರುವಾರ ಸಂಜೆ 4ಕ್ಕೆ ದತ್ತಾಂಶದ ಡಿಸ್ಕ್ ಕೆಟ್ಟರೆ ಭಾನುವಾರದ ಪ್ರತಿ, ಬುಧವಾರ ರಾತ್ರಿಯ ವ್ಯತ್ಯಾಸ, ಅನಂತರದ ಲಾಗುಗಳು ಎಂಬ ಕ್ರಮದಲ್ಲಿ ಪುನಃಸ್ಥಾಪಿಸಬೇಕು. ಲಾಗ್ ಬೇರೆ ಡಿಸ್ಕಿನಲ್ಲಿದ್ದು ಸುರಕ್ಷಿತವಾಗಿದ್ದರೆ, ಮೊದಲು ಅದರ ಕೊನೆಯ ಭಾಗವನ್ನು ತೆಗೆದಿಟ್ಟುಕೊಂಡು ಕಟ್ಟಕಡೆಯ ವಹಿವಾಟನ್ನೂ ಪಡೆಯಬಹುದು. ಸಿಂಪಲ್ ಮಾದರಿಯಾಗಿದ್ದರೆ ಗುರುವಾರ ದಾಖಲಾದ ವಾರಸಾ, ಖರೀದಿ, ಸಾಲದ ಬೋಜಾಗಳೆಲ್ಲವೂ ಇಲ್ಲವಾಗುತ್ತಿದ್ದವು.

ಫುಲ್ ಮಾದರಿಯನ್ನು ಆರಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಲಾಗ್ ಬ್ಯಾಕಪ್ ನಡೆಯದಿದ್ದರೆ ಕಡತ ಬೆಳೆದು ಡಿಸ್ಕ್ ತುಂಬಿ ಕೆಲಸವೇ ನಿಲ್ಲುತ್ತದೆ. ಸರಣಿಯ ಒಂದು ಕೊಂಡಿ ಕಳೆದರೂ ಮುಂದಿನ ಲಾಗುಗಳು ನಿರುಪಯುಕ್ತವಾಗಬಹುದು. ಇನ್ನೊಂದು ಸರ್ವರಿನಲ್ಲಿ ಏಕಕಾಲಕ್ಕೆ ನಕಲು ಇಡುವುದೂ ಬ್ಯಾಕಪ್ಪಿಗೆ ಪರ್ಯಾಯವಲ್ಲ. ತಪ್ಪಾಗಿ ಅಳಿಸಿದ ನಮೂದು ಅಲ್ಲಿಯೂ ಅಳಿಯುತ್ತದೆ.

ಆಯ್ಕೆಯನ್ನು ನಿರ್ಧರಿಸಬೇಕಾದುದು ಡಿಸ್ಕಿನ ಬೆಲೆಯಲ್ಲ. ಕಳೆದುಹೋದುದನ್ನು ಮತ್ತಾವ ಮೂಲದಿಂದ ಬರೆಯಬಹುದೆಂಬ ಪ್ರಶ್ನೆ. ವಾರಕ್ಕೆ ಕೆಲವೇ ಪುಸ್ತಕಗಳು ಸೇರುವ ಗ್ರಂಥಾಲಯದ ಸೂಚಿಗೆ ಸಿಂಪಲ್ ಮಾದರಿಯೂ ಪ್ರತಿರಾತ್ರಿಯ ಬ್ಯಾಕಪ್ಪೂ ಸಾಕು. ಪುಸ್ತಕಗಳು ಕಪಾಟಿನಲ್ಲಿಯೇ ಇರುತ್ತವೆ. ಕೈಬರಹದ ಪ್ರತಿಗೆ ಮಾನ್ಯತೆ ಇಲ್ಲದ ಭೂದಾಖಲೆಗೆ ಫುಲ್ ಮಾದರಿ, ಬೇರೊಂದು ಊರಿನಲ್ಲಿ ಬ್ಯಾಕಪ್ ಪ್ರತಿ, ನಿಯತಕಾಲದಲ್ಲಿ ಪುನಃಸ್ಥಾಪನೆಯ ಪರೀಕ್ಷೆ ಈ ಮೂರೂ ಅವಶ್ಯ. ಪರೀಕ್ಷಿಸದ ಬ್ಯಾಕಪ್ಪಿನ ಮೇಲೆ ರೈತನ ಹಕ್ಕನ್ನು ನಿಲ್ಲಿಸಲಾಗದು.