ಒಂದೇ ಸಲ ಅದ್ದಿ, ಬಾಯಿಗೆ ಹಾಕಿ

ಒಸಾಕಾ ನಗರದ ಶಿನ್‌ಸೆಕಾಯ್ ಬಡಾವಣೆಯಲ್ಲಿ ಗೆಳೆಯರ ಜತೆ ಊಟಕ್ಕೆ ಕೂತರೆ ಮೆನು ಬರುವ ಮೊದಲೇ ಒಂದು ಎಚ್ಚರಿಕೆ ಕಣ್ಣಿಗೆ ಬೀಳುತ್ತದೆ: ಸಾಸಿಗೆ ಎರಡನೇ ಸಲ ಅದ್ದುವಂತಿಲ್ಲ. ಗೋಡೆಯ ಮೇಲೆ ನಾಲ್ಕು ಭಾಷೆಗಳಲ್ಲಿ ಬರೆದಿರುತ್ತಾರೆ. ಕೆಲವು ಕಡೆ ಹುಬ್ಬು ಗಂಟಿಕ್ಕಿದ ಬಾಣಸಿಗನ ಬೊಂಬೆಯನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಎಂಜಲು-ಮುಸುರೆ ನೋಡಿಕೊಂಡೇ ಬೆಳೆದ ನಮಗೆ ಈ ಕಾನೂನನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಚ್ಚಿದ್ದನ್ನು ಮತ್ತೆ ಅದ್ದಿದರೆ ಪಕ್ಕದಲ್ಲಿ ಕೂತವನ ಗತಿ ಏನು?

ಇಲ್ಲಿನ ತಿಂಡಿ ಕುಶಿಕಾತ್ಸು. ಮಾಂಸ, ಮೀನು, ತರಕಾರಿಯ ಸಣ್ಣ ತುಂಡನ್ನು ಬಿದಿರ ಕಡ್ಡಿಗೆ ಚುಚ್ಚಿ, ಹಿಟ್ಟಿನಲ್ಲಿ ಮುಳುಗಿಸಿ, ತೀರಾ ಸಣ್ಣ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಾರೆ. ಒಂದು ಕಡ್ಡಿಗೆ ನೂರರಿಂದ ಇನ್ನೂರು ಯೆನ್ ಆಸುಪಾಸು. ದರುಮ ಎಂಬ ಅಂಗಡಿ 1929ರಲ್ಲಿ ಶುರುವಾಯಿತು. ಕೂಲಿಕಾರರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಲೆಂದು ಇದನ್ನು ಮಾಡತೊಡಗಿದ್ದು ತಾವೇ ಎನ್ನುವುದು ಅವರ ಹೇಳಿಕೆ. ಮಗ್ಗುಲಲ್ಲೇ ದಿನಗೂಲಿಗಳ ಬೀಡಾದ ಕಾಮಗಾಸಾಕಿ ಇರುವುದರಿಂದ ನಂಬಬಹುದಾದ ಕಥೆಯೇ.

ನಾವು ನಾಲ್ವರು. ಕೋಬೆಯಲ್ಲಿ ಎಂಜಿನಿಯರ್ ಆಗಿರುವ ಹುಬ್ಬಳ್ಳಿಯ ಗೆಳೆಯನೇ ದಾರಿ ತೋರಿಸುವವನು, ದುಭಾಷಿಯೂ ಅವನೇ. ಶಿವಮೊಗ್ಗದ ಗೆಳತಿ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮುಟ್ಟುವುದಿಲ್ಲ. ಅವಳಿಂದಾಗಿ ಎರಡು ಅಂಗಡಿಗಳ ಬಾಗಿಲಿಂದಲೇ ವಾಪಸು ಬಂದೆವು. ತರಕಾರಿ ಕಡ್ಡಿಗಳು ಬೇಕಾದಷ್ಟಿದ್ದವು, ಆದರೆ ಕರಿಯುವುದು ದನದ ಕೊಬ್ಬು ಬೆರೆತ ಎಣ್ಣೆಯಲ್ಲಿ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಅಷ್ಟು ಮೆಚ್ಚಬೇಕು. ಕೇಳದೆ ತಿಳಿಯುವ ದಾರಿ ಮಾತ್ರ ಇಲ್ಲ. ಸಾಸಿನ ಎಚ್ಚರಿಕೆಯನ್ನು ಅಷ್ಟು ಭಾಷೆಗಳಲ್ಲಿ ಬರೆಯುವವರು ಎಣ್ಣೆ ಯಾವುದೆಂದು ಒಂದರಲ್ಲಾದರೂ ಬರೆಯಬಾರದೆ? ‘ಹೀಗೇ ಆದರೆ ಗೋಪುರ ನೋಡಿಯೇ ಹೊಟ್ಟೆ ತುಂಬಿಸ್ಕೋಬೇಕು ಮಾರಾಯ’ ಎಂದಳು ಗೆಳತಿ.

ಆ ಗೋಪುರದ ವಿಚಾರ, ಕೈಪಿಡಿಯಲ್ಲಿ ಇರುವಷ್ಟು: 1903ರ ರಾಷ್ಟ್ರೀಯ ಕೈಗಾರಿಕಾ ವಸ್ತುಪ್ರದರ್ಶನ ನಡೆದ ಜಾಗದಲ್ಲಿ 1912ರಲ್ಲಿ ಈ ಬಡಾವಣೆ ಎದ್ದಿತು. ಉತ್ತರ ಭಾಗಕ್ಕೆ ಪ್ಯಾರಿಸ್ ಮಾದರಿ, ದಕ್ಷಿಣಕ್ಕೆ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಮಾದರಿ, ನಡುವೆ ತ್ಸುತೆನ್‌ಕಾಕು ಗೋಪುರ. 1943ರಲ್ಲಿ ಬೆಂಕಿಗೆ ಸಿಕ್ಕಿದ ಗೋಪುರವನ್ನು ಯುದ್ಧಕ್ಕೆ ಕಬ್ಬಿಣ ಬೇಕೆಂದು ಬಿಚ್ಚಿಬಿಟ್ಟರು. ಈಗಿನದು 1956ರದು, ವಿನ್ಯಾಸ ಮಾಡಿದ ತಾಚು ನೈತೊ ಅವರೇ ಎರಡು ವರ್ಷದ ಬಳಿಕ ತಲೆಯೆತ್ತಿದ ಟೋಕಿಯೊ ಟವರಿನ ವಿನ್ಯಾಸಕಾರರೂ ಹೌದು. ತುದಿಯ ದೀಪ ಹವಾಮಾನ ಹೇಳುತ್ತದೆ: ಬಿಳಿಯಾದರೆ ಬಿಸಿಲು, ಕಿತ್ತಳೆಯಾದರೆ ಮೋಡ, ನೀಲಿಯಾದರೆ ಮಳೆ. ನಮಗೆ ಕಂಡದ್ದು ಕಿತ್ತಳೆ.

ಸಸ್ಯಜನ್ಯ ಎಣ್ಣೆಯ ಅಂಗಡಿ ಕೊನೆಗೂ ಸಿಕ್ಕಿತು. ಎಂಟೋ ಹತ್ತೋ ಸ್ಟೂಲುಗಳ ಉದ್ದ ಕಟ್ಟೆ, ಅದರಾಚೆ ಬಾಣಲೆ, ಬಾಣಲೆಯ ಹಿಂದೆ ಎಪ್ಪತ್ತು ದಾಟಿರಬಹುದಾದ ಯಜಮಾನರು. ಹುಬ್ಬಳ್ಳಿಯವನು ಅವರನ್ನು ಇಲ್ಲಿನ ರೂಢಿಯಂತೆ ‘ತೈಶೋ’ ಎಂದು ಕರೆದ. ಕಮಲದ ಗೆಡ್ಡೆ, ಈರುಳ್ಳಿ, ಶಿಟಾಕೆ ಅಣಬೆ, ಕೆಂಪು ಶುಂಠಿ ಗೆಳತಿಗೆ. ದನದ ಮಾಂಸ, ಸಿಗಡಿ, ಗೌಜಲ ಮೊಟ್ಟೆ ನಮಗೆ. ಕಡ್ಡಿಗಳು ಬಂದವು. ಜತೆಗೆ ಬಂದದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ ಸಾಸು! ಗೋಡೆಯ ಮೇಲಿನ ಎಚ್ಚರಿಕೆಯನ್ನು ಬೆರಳು ಮಾಡಿ ತೋರಿಸಿದೆವು. ತೈಶೋ ನಕ್ಕರು, ಆಮೇಲೆ ಅವರ ಮಾತು ನಿಲ್ಲಲಿಲ್ಲ.

ಕೊರೊನಾಕ್ಕೆ ಮೊದಲು ಕಟ್ಟೆಯ ಮೇಲೆ ಸ್ಟೀಲಿನ ಚೌಕ ಡಬ್ಬಿ ಇರುತ್ತಿತ್ತು, ಅಕ್ಕಪಕ್ಕದವರಿಗೆಲ್ಲ ಅದೊಂದೇ. ರಾತ್ರಿ ಬಾಗಿಲು ಹಾಕುವ ಮುನ್ನ ಉಳಿದ ಸಾಸನ್ನು ಸೋಸಿ, ಪುಡಿ ತೆಗೆದು, ಕುದಿಸಿ ಇಡುವುದು ಅವರದೇ ಕೆಲಸ. ಸೋಂಕಿನ ಭಯಕ್ಕೆ ಡಬ್ಬಿ ಹೋಯಿತು, ಬಾಟಲಿ ಬಂತು. ತೈಶೋ ಅವರ ತಕರಾರು ಸಾಸಿನದಲ್ಲ, ಅದು ಮೊದಲಿನದೇ, ಸುರಿಯುವ ರೀತಿಯದು. ಡಬ್ಬಿಯಲ್ಲಿ ಕಡ್ಡಿಯನ್ನು ಇಳಿಸಿ ಎತ್ತಿದರೆ ಸುತ್ತಲೂ ತೆಳ್ಳಗೆ ಹಿಡಿಯುತ್ತದೆ, ಹೆಚ್ಚಿನದು ಸೋರಿಹೋಗುತ್ತದೆ. ಬಾಟಲಿಯಿಂದ ಹಿಂಡಿದರೆ ಒಂದೇ ಕಡೆ ಬಿದ್ದು ಅಲ್ಲಿ ಮೆತ್ತಗಾಗುತ್ತದೆ, ಇನ್ನೊಂದು ಮಗ್ಗುಲು ಒಣಗಿರುತ್ತದೆ. ಎರಡೂ ಬಗೆಯನ್ನು ಮಾಡಿ ತೋರಿಸಲು ಬಟ್ಟಲಿಗೆ ಸಾಸು ಸುರಿದು ಈರುಳ್ಳಿ ಕಡ್ಡಿ ಅದ್ದಿದರು. ಬಟ್ಟಲಲ್ಲಿ ಅದ್ದಿದ್ದನ್ನು ಕಚ್ಚಿದರೆ ಕರುಂ ಎಂದಿತು. ಬಾಟಲಿಯದು ಅನ್ನಲಿಲ್ಲ.

ಎಲೆಕೋಸಿಗೂ ಈಗ ಕೆಲಸವಿಲ್ಲ. ದೊಡ್ಡ ಚೂರುಗಳಾಗಿ ಹೆಚ್ಚಿದ ಹಸಿ ಎಲೆಕೋಸನ್ನು ಇಲ್ಲಿ ಪುಕ್ಕಟೆ ಇಡುತ್ತಾರೆ. ಕಚ್ಚಿದ ಮೇಲೆ ಇನ್ನಷ್ಟು ಸಾಸು ಬೇಕೆಂದರೆ ಅದರಲ್ಲೇ ಮೊಗೆದು ಹಾಕಿಕೊಳ್ಳಬೇಕಿತ್ತು. ಹೊಸಬರಿಗೆ ಇದನ್ನು ಕಲಿಸಿಕೊಡುತ್ತಿದ್ದವರು ಪಕ್ಕದ ಸ್ಟೂಲಿನ ಅಪರಿಚಿತರು, ಬೈಯುತ್ತಿದ್ದವರೂ ಅವರೇ. ಎಷ್ಟೋ ಸ್ನೇಹ ಹೀಗೆ ಬೈಸಿಕೊಂಡೇ ಶುರುವಾಗಿದ್ದು ಕಂಡಿದ್ದೇನೆ ಎಂದರು ತೈಶೋ. ಈಗ ಎಲ್ಲರ ಮುಂದೂ ಅವರವರ ಬಾಟಲಿ. ನಮ್ಮ ಪಕ್ಕದಲ್ಲಿದ್ದ ಜೋಡಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಶುಚಿತ್ವದ ದೃಷ್ಟಿಯಿಂದ ಬಾಟಲಿಯೇ ಸರಿ, ನಾನೂ ಒಪ್ಪುತ್ತೇನೆ. ಆದರೆ ಡಬ್ಬಿಯನ್ನು ತೆಗೆದು ಎಚ್ಚರಿಕೆಯನ್ನು ಮಾತ್ರ ಫೋಟೊಕ್ಕೆಂದು ಉಳಿಸಿಕೊಂಡಿರುವುದು ನನಗೆ ಹಿಡಿಸಲಿಲ್ಲ. ಆ ಬರಹ ಅಚ್ಚಾದ ಟೀ-ಶರ್ಟನ್ನೂ ಬೀದಿಯಲ್ಲಿ ಮಾರುತ್ತಿದ್ದರು.

ಬೀದಿಯೂ ಬದಲಾಗಿದೆಯಂತೆ. ಫುಗು ಮೀನಿನ ಹೋಟೆಲೊಂದರ ಮುಂದೆ ತೂಗುತ್ತಿದ್ದ ಭಾರಿ ಮೀನಿನ ಲಾಟೀನನ್ನು 2020ರಲ್ಲಿ ಇಳಿಸಿದರು, ಹೋಟೆಲೂ ಮುಚ್ಚಿತು. ಜಾನ್‌ಜಾನ್ ಓಣಿಯಲ್ಲಿ ಮಾತ್ರ ಮುದುಕರು ಗಾಜಿನ ಕಿಟಕಿಯಾಚೆ ಈಗಲೂ ಶೋಗಿ ಎಂಬ ಜಪಾನಿ ಚದುರಂಗ ಆಡುತ್ತಾರೆ. ಹೊರಗೆ ನಿಂತು ಅವರ ಆಟಕ್ಕೆ ಸಲಹೆ ಕೊಡುವವರೂ ಇದ್ದಾರೆ.

ಬಿಲ್ಲಿಗೆ ತೈಶೋ ಖಾಲಿ ಕಡ್ಡಿಗಳನ್ನು ಎಣಿಸಿದರು. ಟಿಪ್ಸ್ ಕೊಡುವ ಪದ್ಧತಿ ಜಪಾನಿನಲ್ಲಿಲ್ಲ. ನಮ್ಮ ಹುಬ್ಬಳ್ಳಿಯವನಿಗೆ ಲೆಕ್ಕ ಹಂಚುವ ಪದ್ಧತಿಯೂ ಇಲ್ಲ, ಅವನೇ ಕೊಟ್ಟ.

ಹೋಗುವವರು ಮಿದೊಸುಜಿ ಮೆಟ್ರೊದ ದೊಬುತ್ಸುಎನ್‌ಮಾಯೆ ನಿಲ್ದಾಣದಲ್ಲಿ ಇಳಿದರೆ ಓಣಿ ಹತ್ತಿರ. ಸಸ್ಯಾಹಾರಿಗಳು ಕೂರುವ ಮೊದಲೇ ಎಣ್ಣೆಯ ವಿಚಾರ ಕೇಳಿ. ಹಿಟ್ಟಿಗೆ ಮೊಟ್ಟೆ ಬೆರೆಸಿರುತ್ತಾರೆ ಎಂಬುದೂ ನೆನಪಿರಲಿ. ಕೆಂಪು ಶುಂಠಿಯ ಕಡ್ಡಿಯನ್ನು ಮಾತ್ರ ಬಿಡಬೇಡಿ. ನಮ್ಮ ಗೆಳತಿ ಎರಡನೇ ಸುತ್ತು ಕೇಳುವಷ್ಟರಲ್ಲಿ ಅದು ಮುಗಿದಿತ್ತು.