ಗಾಳದಲ್ಲಿ ಹಿಡಿದ ಮಹಶೀರ್ ಮೀನನ್ನು ಜೀವಂತವಾಗಿ ನದಿಗೆ ಬಿಡುವ ಕ್ರಮ: ಅರ್ಜಿದಾರರಿಗೆ ಮಾಹಿತಿ

ಕಾವೇರಿ ನದಿ ಹಾಗೂ ಅದರ ಉಪನದಿಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕಲು ಅನುಮತಿ ಕೋರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಹಶೀರ್ ಮೀನನ್ನು ಹಿಡಿದ ಸ್ಥಳದಲ್ಲಿಯೇ ಮರಳಿ ನೀರಿಗೆ ಬಿಡಬೇಕೆಂಬುದು ಈ ಹವ್ಯಾಸದ ಮೂಲ ಷರತ್ತು. ಆದರೆ ನೀರಿಗೆ ಬಿಟ್ಟ ಮಾತ್ರಕ್ಕೆ ಮೀನು ಬದುಕಿತೆಂದು ಭಾವಿಸುವಂತಿಲ್ಲ. ಈಜಿಕೊಂಡು ಹೋದ ಮೀನು ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ನಂತರ ಮಡುವಿನ ತಳದಲ್ಲಿ ಸಾಯಬಹುದು. ಅದು ಗಾಳ ಹಾಕಿದವರ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಷರತ್ತಿನ ಉದ್ದೇಶವನ್ನು ಅರಿತು ಅರ್ಜಿ ಸಲ್ಲಿಸುವುದು ಸೂಕ್ತ.

ಅರ್ಜಿಗೆ ಮುನ್ನ:

ನದಿಯ ಯಾವ ಭಾಗದಲ್ಲಿ ಗಾಳ ಹಾಕಲು ಉದ್ದೇಶಿಸಲಾಗಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ವನ್ಯಜೀವಿಧಾಮದ ಒಳಗಿನ ನದಿ ಪಾತ್ರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳು ಒಂದು ಕಾಲಕ್ಕೆ ದೇಶವಿದೇಶಗಳ ಗಾಳಗಾರರಿಗೆ ಪರಿಚಿತವಾಗಿದ್ದವು. ಇವು ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ ಇರುವುದರಿಂದ 2012ರ ಸುಮಾರಿಗೆ ಅಲ್ಲಿ ಗಾಳದ ಕ್ರೀಡೆಯನ್ನು ನಿಲ್ಲಿಸಲಾಯಿತು. ಹಳೆಯ ಪ್ರವಾಸಿ ಕೈಪಿಡಿಗಳನ್ನು ನಂಬಿ ಇಂದಿಗೂ ಈ ಸ್ಥಳಗಳ ಹೆಸರು ಬರೆದು ಅರ್ಜಿ ಸಲ್ಲಿಸಿದಲ್ಲಿ ಪ್ರಯೋಜನವಾಗುವುದಿಲ್ಲ. ವನ್ಯಜೀವಿಧಾಮದ ಹೊರಗಿನ ಭಾಗಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಇತರ ಗುತ್ತಿಗೆದಾರರಿಗೋ ಸೇರಿರಬಹುದು. ಕೊಡಗಿನ ವಾಲ್ನೂರು ಭಾಗದಲ್ಲಿ ವನ್ಯಜೀವಿ ಆಸಕ್ತರ ಸಂಸ್ಥೆಯೊಂದು ಗುತ್ತಿಗೆ ಪಡೆದು ಗಾಳಗಾರರಿಗೆ ಅವಕಾಶ ನೀಡಿದ ಉದಾಹರಣೆಯುಂಟು. ದೇವಸ್ಥಾನಗಳಿಗೆ ಹೊಂದಿಕೊಂಡ ಮತ್ಸ್ಯಧಾಮಗಳಲ್ಲಿ, ಅಂದರೆ ಕಾವೇರಿಯ ರಾಮನಾಥಪುರ, ತುಂಗೆಯ ಶೃಂಗೇರಿ ಮೊದಲಾದೆಡೆ, ಗಾಳದ ಮಾತೇ ಬರುವುದಿಲ್ಲ.

ಎರಡು ಮಹಶೀರ್‌ಗಳು:

ನದಿ ತೀರದ ಜನ ಬಿಳಿಮೀನು ಎಂದು ಕರೆಯುವ ಮಹಶೀರ್ ಕಾವೇರಿಯಲ್ಲಿ ಈಗ ಮುಖ್ಯವಾಗಿ ಎರಡು ಬಗೆಯದು. ಡುಬ್ಬದ ಮಹಶೀರ್ ಕಾವೇರಿ ಜಲಾನಯನದ ಹೊರಗೆ ಎಲ್ಲಿಯೂ ಸ್ವಾಭಾವಿಕವಾಗಿ ಕಂಡುಬರುವುದಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಗಾಳದ ಬಗ್ಗೆ 1873ರಲ್ಲಿ ಮಂಗಳೂರಿನಿಂದ ಗ್ರಂಥ ಪ್ರಕಟಿಸಿದ ದಿನಗಳಿಂದಲೂ ದಕ್ಷಿಣದ ಮಹಶೀರ್ ಗಾಳಗಾರರ ಗಮನ ಸೆಳೆದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಇಷ್ಟು ಹೆಸರಾದ ಮೀನಿಗೆ ಶಾಸ್ತ್ರೀಯ ನಾಮಧೇಯ ಖಚಿತವಾದದ್ದು ಮಾತ್ರ 2018ರಲ್ಲಿ! ಅದು ಟಾರ್ ರೆಮಾದೇವಿ ಎಂದು ಗುರುತಿಸಲ್ಪಟ್ಟ ಅದೇ ವರ್ಷ ಐಯುಸಿಎನ್ ಸಂಸ್ಥೆಯು ಅದನ್ನು ತೀವ್ರ ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ನೀಲಿ ರೆಕ್ಕೆಯ ಮಹಶೀರ್. ಇದು ಕಾವೇರಿಯ ಮೂಲ ನಿವಾಸಿಯಲ್ಲ. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋನಾವಳದಲ್ಲಿರುವ ಟಾಟಾ ಮರಿ ಉತ್ಪಾದನಾ ಕೇಂದ್ರದ ಮರಿಗಳನ್ನು, ನಂತರ ಕೊಡಗಿನ ಹಾರಂಗಿಯಲ್ಲಿ ಬೆಳೆಸಿದ ಮರಿಗಳನ್ನು ಸದುದ್ದೇಶದಿಂದಲೇ ನದಿಗೆ ಬಿಡಲಾಯಿತು. ಅವು ಚೆನ್ನಾಗಿ ಹೆಚ್ಚಿದವು; ಮೂಲ ನಿವಾಸಿ ಕುಗ್ಗಿತು.

ಈ ಸಂಗತಿ ಬೆಳಕಿಗೆ ಬಂದದ್ದು ಗಾಳಗಾರರ ದಾಖಲೆ ಪುಸ್ತಕಗಳಿಂದ. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳಿಗೆ ಡುಬ್ಬದ ಮಹಶೀರ್‌ನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದು, ಸಿಕ್ಕ ಒಂದೊಂದು ಮೀನಿನ ಸರಾಸರಿ ಗಾತ್ರ ಏರಿದ್ದು ಕಂಡುಬಂದಿತು. ಲೆಕ್ಕಪತ್ರದಲ್ಲಿ ಸರಾಸರಿ ಏರಿದರೆ ಮೇಲ್ನೋಟಕ್ಕೆ ಸಂತೋಷದ ವಿಷಯ. ಇಲ್ಲಿ ಅದರ ಅರ್ಥ ಬೇರೆ: ಮುದಿ ಮೀನುಗಳು ಮಾತ್ರ ಉಳಿದಿವೆ, ಮರಿಗಳು ಬರುತ್ತಿಲ್ಲ. ಇಂತಹ ಸ್ಥಿತಿಯಲ್ಲಿ ಮೊಟ್ಟೆಯಿಡಬಲ್ಲ ಒಂದು ದೊಡ್ಡ ಹೆಣ್ಣು ಮೀನು ಸತ್ತರೆ ಅದು ಬಡ್ಡಿಯ ನಷ್ಟವಲ್ಲ, ಅಸಲಿನ ನಷ್ಟ. ಗೆಂಡೆ ಜಾತಿಯ ಇತರ ಸಾಕಣೆ ಮೀನುಗಳಿಗೆ ಹೋಲಿಸಿದರೆ ಮಹಶೀರ್ ಇಡುವ ಮೊಟ್ಟೆಗಳೂ ಕಡಿಮೆ.

ಸಲಕರಣೆಗಳು:

ತೆಳುವಾದ ಹುರಿಯಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದನ್ನು ಹಿಂದೆ ಕೌಶಲವೆಂದು ಭಾವಿಸಲಾಗುತ್ತಿತ್ತು. ಮೀನಿನ ದೃಷ್ಟಿಯಿಂದ ಇದು ಅತ್ಯಂತ ಹಾನಿಕರ. ಜಗ್ಗಾಟ ದೀರ್ಘವಾದಷ್ಟೂ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ ರಕ್ತದ ಸಮತೋಲನ ಕೆಡುತ್ತದೆ. ಕಾವೇರಿಯ ನೀಲಿ ರೆಕ್ಕೆಯ ಮಹಶೀರ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚು ಹೊತ್ತು ಜಗ್ಗಾಡಿದ ಮೀನುಗಳೇ ಹೆಚ್ಚು ನಿತ್ರಾಣಗೊಂಡಿದ್ದನ್ನು ದಾಖಲಿಸಿದೆ. ಆದುದರಿಂದ ಬಲವಾದ ಕೋಲು ಮತ್ತು ಗಟ್ಟಿ ಹುರಿಯನ್ನೇ ಬಳಸತಕ್ಕದ್ದು.

ಕೊಕ್ಕೆ ಒಂಟಿಯಾಗಿರಬೇಕು, ಹಿಮ್ಮುಳ್ಳು ಇರಬಾರದು. ಅಂಗಡಿಯಲ್ಲಿ ಕೊಂಡ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದರೂ ಸಾಕು. ಲೋಹದ ಚಮಚದಂತಹ ಕೃತಕ ಎರೆಗಳ ಜೊತೆ ಬರುವ ಮೂರು ಮೊನೆಯ ಕೊಕ್ಕೆಯನ್ನು ತೆಗೆದು ಒಂಟಿ ಕೊಕ್ಕೆ ಸೇರಿಸುವುದು. ಕಾವೇರಿ ತೀರದ ಸಾಂಪ್ರದಾಯಿಕ ಎರೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಇದನ್ನು ಮೀನು ನುಂಗಿಬಿಡುವ ಸಂಭವ ಹೆಚ್ಚಾದ ಕಾರಣ ಹುರಿಯನ್ನು ಸಡಿಲ ಬಿಟ್ಟು ದಡದಲ್ಲಿ ಹರಟುತ್ತಾ ಕೂರುವಂತಿಲ್ಲ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಅದನ್ನು ಕಿತ್ತು ತೆಗೆಯಲು ಯತ್ನಿಸದೆ ಹುರಿಯನ್ನು ಬಾಯಿಯ ಹತ್ತಿರ ಕತ್ತರಿಸುವುದು. ಕೊಕ್ಕೆಯ ಬೆಲೆ ಕೆಲವು ರೂಪಾಯಿಗಳು ಮಾತ್ರ.

ಗರಿ, ನೂಲುಗಳಿಂದ ಕಟ್ಟಿದ ನೊಣದಾಕಾರದ ಎರೆ ಬಳಸುವ ಫ್ಲೈ ವಿಧಾನದಲ್ಲಿ ಕೊಕ್ಕೆ ಸಾಮಾನ್ಯವಾಗಿ ತುಟಿಗೇ ಸಿಕ್ಕುವುದರಿಂದ ಬಿಡಿಸುವುದು ಸುಲಭ. ಆದರೆ ಹಿಮಾಚಲ ಪ್ರದೇಶದ ತೀರ್ಥನ್ ನದಿಯಲ್ಲಿ ಟ್ರೌಟ್ ಹಿಡಿಯುವ ಹಗುರ ಕೋಲನ್ನು ಕಾವೇರಿಗೆ ತಂದರೆ ಮೇಲೆ ಹೇಳಿದ ದೀರ್ಘ ಜಗ್ಗಾಟವೇ ಆಗುತ್ತದೆ.

ಮೀನು ಕೈಗೆ ಬಂದ ನಂತರ:

ಕಿವಿರಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಗಾಳಿಗೆ ಬಂದೊಡನೆ ಅವು ಒದ್ದೆ ಕಾಗದದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರಾಟ ನಿಲ್ಲುತ್ತದೆ. ಓಡಿ ದಣಿದವನ ಮೂಗು ಬಾಯಿ ಮುಚ್ಚಿದರೆ ಹೇಗಿರುತ್ತದೆಂಬುದನ್ನು ಊಹಿಸಿಕೊಳ್ಳಬಹುದು. ಆದುದರಿಂದ ಮೀನನ್ನು ನೀರಿನಲ್ಲಿಯೇ ಇಟ್ಟು ಕೊಕ್ಕೆ ಬಿಡಿಸತಕ್ಕದ್ದು. ಅನಿವಾರ್ಯವಾಗಿ ಮೇಲೆತ್ತಿದಲ್ಲಿ ಹತ್ತು ಸೆಕೆಂಡ್ ಮೀರಬಾರದು. ಕ್ಯಾಮೆರಾ ಮೊದಲೇ ಸಿದ್ಧವಿರಲಿ; ಮೀನನ್ನು ಎತ್ತಿ ಹಿಡಿದ ಮೇಲೆ ಚೀಲದಲ್ಲಿ ಕ್ಯಾಮೆರಾ ಹುಡುಕುವುದು ಸಲ್ಲದು.

ಕೈಗಳನ್ನು ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಮೀನಿನ ಮೈಮೇಲಿನ ಲೋಳೆ ಅದರ ರಕ್ಷಾಕವಚ. ಒಣ ಕೈ, ಬಟ್ಟೆಯ ಕೈಚೀಲ, ಬಿಸಿಲಿಗೆ ಕಾದ ಬಂಡೆ ಅಥವಾ ಮರಳಿಗೆ ತಗುಲಿ ಲೋಳೆ ಕಿತ್ತುಹೋದ ಜಾಗದಲ್ಲಿ ಬೂಷ್ಟು ರೋಗ ಹತ್ತುತ್ತದೆ. ಕೈಬಲೆ ಬಳಸುವುದಾದರೆ ಗಂಟುಗಳಿಲ್ಲದ ರಬ್ಬರ್ ಬಲೆ ಉತ್ತಮ. ಕಿವಿರಿನೊಳಗೆ ಬೆರಳು ತೂರಿಸಿ ಎತ್ತುವುದು, ಬಾಯಿಗೆ ಕೊಕ್ಕೆ ಹಾಕಿ ತಕ್ಕಡಿಗೆ ತೂಗಹಾಕುವುದು ಸಂಪೂರ್ಣ ವರ್ಜ್ಯ. ನೀರು ಆಧರಿಸಿ ಹೊತ್ತ ದೇಹದ ಭಾರವೆಲ್ಲ ಆಗ ದವಡೆ ಮತ್ತು ಬೆನ್ನೆಲುಬಿನ ಮೇಲೆ ಬೀಳುತ್ತದೆ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಹೊಟ್ಟೆಯ ಕೆಳಗೆ ಇಟ್ಟು ಅಡ್ಡಲಾಗಿ ಹಿಡಿಯುವುದೇ ಕ್ರಮ.

ತೂಕ ತಿಳಿಯಲೇಬೇಕೆನ್ನುವವರು ನೀರಿನಲ್ಲಿಯೇ ಅಳತೆ ಪಟ್ಟಿಯಿಂದ ಉದ್ದ ಮತ್ತು ಸುತ್ತಳತೆಯನ್ನು ಅಂಗುಲಗಳಲ್ಲಿ ಪಡೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದಲ್ಲಿ ಅಂದಾಜು ತೂಕ ಪೌಂಡ್‌ಗಳಲ್ಲಿ ದೊರೆಯುತ್ತದೆ. 40 ಅಂಗುಲ ಉದ್ದ, 25 ಅಂಗುಲ ಸುತ್ತಳತೆಯ ಮೀನು ಸುಮಾರು 31 ಪೌಂಡ್, ಎಂದರೆ 14 ಕಿಲೋ. ನೆಂಟರಿಷ್ಟರಿಗೆ ಹೇಳಿಕೊಳ್ಳಲು ಇಷ್ಟು ನಿಖರತೆ ಸಾಕು.

ಬಿಡುವಾಗ:

ದಣಿದ ಮೀನನ್ನು ನೀರಿಗೆ ಎಸೆಯಬಾರದು. ಹದವಾಗಿ ಹರಿಯುವ ನೀರಿನಲ್ಲಿ ತಲೆ ಪ್ರವಾಹಕ್ಕೆ ಎದುರಾಗಿರುವಂತೆ ಆಧರಿಸಿ ಹಿಡಿಯತಕ್ಕದ್ದು. ಮೀನನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಾಡಿಸುವ ಅಭ್ಯಾಸ ಅನೇಕರಲ್ಲಿದೆ. ಹಿಂದಕ್ಕೆ ಎಳೆದಾಗ ಕಿವಿರಿನಲ್ಲಿ ನೀರು ತಿರುಗುಮುರುಗಾಗಿ ಹೋಗುವುದರಿಂದ ಉಪಯೋಗವಿಲ್ಲ. ಕಿವಿರು ಮುಚ್ಚಳ ಒಂದೇ ಲಯದಲ್ಲಿ ಆಡತೊಡಗಿ, ಮೀನು ತಾನಾಗಿ ಬಾಲ ಬೀಸಿ ಕೈ ಜಾರಿಸಿಕೊಂಡು ಹೋಗುವವರೆಗೆ ಕಾಯುವುದು. ದೊಡ್ಡ ಮೀನಿಗೆ ಹಲವು ನಿಮಿಷಗಳೇ ಬೇಕಾಗಬಹುದು. ಕೆಳದವಡೆಗೆ ಹಗ್ಗ ಪೋಣಿಸಿ ದಡಕ್ಕೆ ಕಟ್ಟಿ, ಛಾಯಾಚಿತ್ರಕ್ಕೆ ಬೆಳಕು ಬರುವವರೆಗೆ ಇಟ್ಟುಕೊಳ್ಳುವ ಹಿಂದಿನ ಪದ್ಧತಿಯನ್ನು ಕೈಬಿಡುವುದೇ ಸರಿ. ಸೊಂಟದ ಮಟ್ಟದ ನೀರಿಗೆ ಇಳಿಯುವ ಮುನ್ನ ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದನ್ನು ಮರೆಯಬಾರದು.

ಬೇಸಿಗೆಯಲ್ಲಿ ವಿಶೇಷ ಎಚ್ಚರ ಅಗತ್ಯ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೀರು ತಗ್ಗಿ ಮಡುಗಳು ಕಾದಿರುವಾಗ ಗಾಳ ಹಾಕದೆ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು. ಮಳೆಗಾಲದ ಹೊಸ ನೀರಿನಲ್ಲಿ ಮಹಶೀರ್ ಮೇಲ್ಭಾಗಕ್ಕೆ ಸಾಗಿ ಬೆಣಚುಕಲ್ಲಿನ ಹಾಸುಗಳ ಮೇಲೆ ಮೊಟ್ಟೆಯಿಡುತ್ತದೆ. ಆ ಕಾಲದಲ್ಲಿ ಅದನ್ನು ಅದರ ಪಾಡಿಗೆ ಬಿಡುವುದು.

ದಾಖಲೆ ಮತ್ತು ದೂರು:

ಹಿಡಿದ ದಿನಾಂಕ, ಸ್ಥಳ, ಅಳತೆ ಹಾಗೂ ಸಾಧ್ಯವಾದಲ್ಲಿ ನೀರಿನಲ್ಲಿಯೇ ತೆಗೆದ ಪಕ್ಕನೋಟದ ಛಾಯಾಚಿತ್ರವನ್ನು ಇಟ್ಟುಕೊಳ್ಳಲು ಕೋರಲಾಗಿದೆ. ಡುಬ್ಬದ ಮಹಶೀರ್ ಸಿಕ್ಕಿದಲ್ಲಿ ಆ ವಿವರಕ್ಕೆ ವಿಶೇಷ ಬೆಲೆಯಿದೆ. ಗಾಳಿಬೋರೆಯ ದಾಖಲೆಗಳು ಇಲ್ಲದಿದ್ದರೆ ಈ ಮೀನಿನ ಅವನತಿ ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು. ನದಿಯಲ್ಲಿ ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ದಂಡನೀಯ ಅಪರಾಧ. ಹತ್ತಾರು ವರ್ಷ ಬೆಳೆದ ಮಡುವಿನ ಮೀನುಗಳೆಲ್ಲ ಒಂದು ಸಿಡಿತಕ್ಕೆ ನಾಶವಾಗುತ್ತವೆ. ಇಂತಹ ಕೃತ್ಯ ಕಂಡುಬಂದಲ್ಲಿ ತಾವೇ ತಡೆಯಲು ಹೋಗದೆ ಸ್ಥಳ ಮತ್ತು ಸಮಯವನ್ನು ಬರೆದಿಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಹಾಗೂ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಿಳಿಸುವುದು. ನದಿಯ ಯಾವ ಭಾಗದಲ್ಲಿ ಅನುಮತಿಗೆ ಅವಕಾಶವಿದೆ ಎಂಬ ವಿವರವನ್ನೂ ಅರ್ಜಿ ಸಲ್ಲಿಸುವ ಮುನ್ನ ಸದರಿ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು.