ಹದಿನಾಲ್ಕರ ಎತ್ತರವನ್ನು ನಂಬಬಹುದೇ?

2023ರ ಜೂನ್‌ನಲ್ಲಿ ನಡೆದ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಸೊಲ್ಲಾಪುರದ ಹದಿನೆಂಟರ ಹುಡುಗ ಅರ್ಶಿನ್ ಕುಲಕರ್ಣಿ 54 ಎಸೆತಗಳಲ್ಲಿ 117 ರನ್ ಚಚ್ಚಿದರು. ಅದರಲ್ಲಿ ಸಿಕ್ಸರ್‌ಗಳೇ 13. ಆ ವರ್ಷದ ಡಿಸೆಂಬರ್‌ನ ಐಪಿಎಲ್ ಹರಾಜಿನಲ್ಲಿ ಲಖನೌ ತಂಡ ಅವರನ್ನು 20 ಲಕ್ಷ ರೂಪಾಯಿಗೆ ಕೊಂಡಿತು. ಮುಂದಿನ ತಿಂಗಳು 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅಮೆರಿಕದ ವಿರುದ್ಧ ಅವರಿಂದ ಶತಕ ಬಂತು. ಆದರೆ 2024ರ ಐಪಿಎಲ್‌ನಲ್ಲಿ ಅವರಿಗೆ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ ಮಾತ್ರ.

ಹಾಗಾದರೆ ಆ 54 ಎಸೆತಗಳು ಒಬ್ಬ ಆಟಗಾರನ ಬಗ್ಗೆ ನಿಜಕ್ಕೂ ಎಷ್ಟು ಹೇಳುತ್ತವೆ? ಈ ಪ್ರಶ್ನೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಹಣ ಸುರಿದು ಉತ್ತರ ಹುಡುಕುತ್ತಿರುವವರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಮಂದಿ ಮುಂದಿದ್ದಾರೆ. ಅಲ್ಲಿನ ಎನ್‌ಬಿಎ ಲೀಗ್‌ನಲ್ಲಿ ಪ್ರತಿ ವರ್ಷ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. 30 ತಂಡಗಳು ಸರದಿಯಂತೆ 19ರಿಂದ 22ರ ಪ್ರಾಯದ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಮೊದಲು ಬರಿಗಾಲಿನ ಎತ್ತರ, ಚಾಚಿದ ತೋಳುಗಳ ಅಗಲ, ಜಿಗಿತ, ಓಟ ಎಲ್ಲವನ್ನೂ ಅಳೆಯುತ್ತಾರೆ. ಇಷ್ಟಾದರೂ ಅವರ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ ಎಂಬುದು ಸೊಲ್ಲಾಪುರ, ಅಕ್ಕಲಕೋಟೆಯ ಶಾಲಾ ಮೈದಾನದಲ್ಲಿ ಮಕ್ಕಳನ್ನು ಆರಿಸುವವರಿಗೂ ಪಾಠ.

ತಪ್ಪಿದ ಲೆಕ್ಕಗಳು

2007ರ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್ ಎಂಬ ಬಡಕಲು ಹುಡುಗ ಸುಮಾರು 84 ಕಿಲೋ ಭಾರವನ್ನು ಬೆಂಚ್ ಮೇಲೆ ಮಲಗಿ ಒಮ್ಮೆಯೂ ಎತ್ತಲಾಗಲಿಲ್ಲ. ಆ ವರ್ಷ ಮೊದಲು ಆಯ್ಕೆಯಾದದ್ದು ದೈತ್ಯ ಮೈಕಟ್ಟಿನ ಗ್ರೆಗ್ ಓಡೆನ್. ಮಂಡಿಯ ಗಾಯಗಳಿಂದ ನರಳಿದ ಓಡೆನ್ ಒಟ್ಟು ಆಡಿದ್ದು 105 ಲೀಗ್ ಪಂದ್ಯ. ಎರಡನೆಯವನಾಗಿ ಆಯ್ಕೆಯಾದ ಡ್ಯುರಾಂಟ್ 2014ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನೆನಿಸಿದ. ಅದೇ 2014ರಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್ 41ನೆಯವನಾಗಿ ಆಯ್ಕೆಯಾದ. ಅವನ ಹೆಸರು ಘೋಷಣೆಯಾಗುವಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಆಮೇಲೆ ಅವನು ಮೂರು ಬಾರಿ ಅತ್ಯುತ್ತಮ ಆಟಗಾರನ ಪ್ರಶಸ್ತಿ ಗೆದ್ದ.

ನಮ್ಮ ದೇಶದ ಉದಾಹರಣೆಯೂ ಇದೆ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು, ಹದಿನಾಲ್ಕರಲ್ಲಿ ಫ್ಲೋರಿಡಾಕ್ಕೆ ಹೋಗಿ, 2015ರಲ್ಲಿ 52ನೆಯವನಾಗಿ ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯ. ಎತ್ತರ ಏಳಡಿ ಎರಡು ಅಂಗುಲ. ಆದರೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಾಗಲಿಲ್ಲ. ಎತ್ತರ ಅವರಿಗೆ ಬಾಗಿಲು ತೆರೆಸಿತು, ಒಳಗೆ ಉಳಿಸಿಕೊಳ್ಳಲಿಲ್ಲ. ವೇಗ ಹೆಚ್ಚಿದ, ದೂರದಿಂದಲೇ ಗುರಿ ಇಡುವ ಈಗಿನ ಆಟದಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ದೈತ್ಯರಿಗೆ ಬೇಡಿಕೆ ಇಳಿಯುತ್ತಿದ್ದ ಕಾಲವದು.

ದೇಹದ ಗಡಿಯಾರ ಬೇರೆ

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತೇವೆ. ಮೊಳಕೆ ಎಲ್ಲರಿಗೂ ಒಂದೇ ದಿನ ಒಡೆಯುತ್ತದೆ ಎಂಬ ನಂಬಿಕೆ ಆ ಮಾತಿನೊಳಗಿದೆ. ಸೊಲ್ಲಾಪುರದ ಜೋಳದ ರೈತ ಕೂಡ ಬಿತ್ತಿದ ಎಂಟನೇ ದಿನದ ಸಸಿ ನೋಡಿ ಬೀಜಕ್ಕೆ ತೆನೆ ಆರಿಸುವುದಿಲ್ಲ. ತೆನೆ ತುಂಬುವವರೆಗೆ ಕಾಯುತ್ತಾನೆ. ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಅವಸರ.

ಹುಡುಗಿಯರು ಸರಾಸರಿ ಹನ್ನೆರಡರ ಸುಮಾರಿಗೆ, ಹುಡುಗರು ಹದಿನಾಲ್ಕರ ಸುಮಾರಿಗೆ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ಉಚ್ಛ್ರಾಯದಲ್ಲಿ ಹುಡುಗರು ವರ್ಷಕ್ಕೆ ಒಂಬತ್ತು-ಹತ್ತು ಸೆಂಟಿಮೀಟರ್ ಬೆಳೆಯಬಲ್ಲರು. ಆದರೆ ಇದು ಸರಾಸರಿ. ಒಬ್ಬನಿಗೆ ಹನ್ನೆರಡಕ್ಕೇ ಬರುವ ಬೆಳವಣಿಗೆ ಇನ್ನೊಬ್ಬನಿಗೆ ಹದಿನಾರಕ್ಕೆ ಬರುತ್ತದೆ. ಹೀಗಾಗಿ ಒಂದೇ ತರಗತಿಯ, ಒಂದೇ ಹುಟ್ಟಿದ ದಿನದ ಇಬ್ಬರು ಹುಡುಗರ ಮೂಳೆಯ ವಯಸ್ಸಿನಲ್ಲಿ ನಾಲ್ಕು ವರ್ಷದ ಅಂತರವೂ ಇರಬಹುದು. ಕೈಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ತುದಿಗಳು ಎಷ್ಟು ಕೂಡಿಕೊಂಡಿವೆ ಎಂದು ನೋಡಿ ಈ ವಯಸ್ಸನ್ನು ಅಂದಾಜಿಸುತ್ತಾರೆ. 16 ವರ್ಷದೊಳಗಿನ ಕ್ರಿಕೆಟಿಗರ ವಯಸ್ಸು ಪರೀಕ್ಷಿಸಲು ಬಿಸಿಸಿಐ ಬಳಸುತ್ತಿರುವುದೂ ಇಂಥದೇ ವಿಧಾನ.

ಬೇಗ ಬೆಳೆದ ಹುಡುಗ ಹದಿಮೂರಕ್ಕೆ ತಂಡದ ರಾಜ. ಅವನಿಗೆ ಬುಟ್ಟಿ ಹತ್ತಿರ, ಎದುರಾಳಿ ಗಿಡ್ಡ. ತಳ್ಳಿ ನುಗ್ಗಿದರೆ ಸಾಕು, ಅಂಕ. ಚೆಂಡು ಪುಟಿಸುವುದನ್ನೂ ಪಾಸ್ ಕೊಡುವುದನ್ನೂ ಅವನು ಕಲಿಯುವ ಗೋಜಿಗೇ ಹೋಗುವುದಿಲ್ಲ. ತಡವಾಗಿ ಬೆಳೆಯುವ ಗಿಡ್ಡ ಹುಡುಗ ಚೆಂಡನ್ನು ಕಾಪಾಡಿಕೊಳ್ಳುವ ಎಲ್ಲ ವಿದ್ಯೆಯನ್ನೂ ಕಲಿಯಲೇಬೇಕು. ಅಮೆರಿಕದ ಆಂಥನಿ ಡೇವಿಸ್ ಹೈಸ್ಕೂಲಿನಲ್ಲಿ ಚೆಂಡು ಒಯ್ಯುವ ಗಾರ್ಡ್ ಆಗಿದ್ದ. ಆಮೇಲೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಎತ್ತರ ಬೆಳೆದ. ಗಿಡ್ಡವನಾಗಿದ್ದಾಗ ಕಲಿತದ್ದೂ ಬೆಳೆದ ಎತ್ತರವೂ ಸೇರಿ 2012ರಲ್ಲಿ ಅವನನ್ನು ಮೊದಲ ಆಯ್ಕೆಯಾಗಿಸಿದವು.

ಇನ್ನೊಂದು ಸೂಕ್ಷ್ಮ. ವೇಗದ ಬೆಳವಣಿಗೆಯಲ್ಲಿ ಮೊದಲು ಕಾಲು ನೀಳವಾಗುತ್ತದೆ, ಮುಂಡ ಆಮೇಲೆ. ಆ ತಿಂಗಳುಗಳಲ್ಲಿ ನಿನ್ನೆಯವರೆಗೆ ಚುರುಕಾಗಿದ್ದ ಹುಡುಗ ಎಡವುತ್ತಾನೆ, ಗುರಿ ತಪ್ಪುತ್ತಾನೆ. ಕೆಲವರಿಗೆ ಮಂಡಿಚಿಪ್ಪಿನ ಕೆಳಗೆ ಮೊಳಕಾಲಿನ ಮೂಳೆಯ ಮೇಲೆ ಪುಟ್ಟ ಉಬ್ಬು, ಒತ್ತಿದರೆ ನೋವು. ಇದಕ್ಕೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. ತೊಡೆಯ ಸ್ನಾಯುವಿನ ಕಂಡರ ಇನ್ನೂ ಗಟ್ಟಿಯಾಗದ ಮೂಳೆತುದಿಯನ್ನು ಎಳೆಯುವುದರಿಂದ ಬರುವ ನೋವು. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಆಯ್ಕೆ ಆ ವಾರವೇ ನಡೆದರೆ ಮಾತ್ರ ಹುಡುಗ ಹೊರಗೆ.

ಜೂನ್ ಒಂದರ ಮಕ್ಕಳು

ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಜೊತೆಗಾರರು 1985ರಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿ ಒಂದು ವಿಚಿತ್ರವನ್ನು ತೋರಿಸಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು! ವಯೋಮಿತಿಯನ್ನು ಜನವರಿ 1ರಿಂದ ಎಣಿಸುವುದರಿಂದ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಸುಮಾರು ಒಂದು ವರ್ಷ ದೊಡ್ಡದು. ದೊಡ್ಡದು ಆಯ್ಕೆಯಾಗುತ್ತದೆ, ಆಯ್ಕೆಯಾದದ್ದಕ್ಕೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕಿದ್ದು ನಿಜಕ್ಕೂ ಮುಂದಾಗುತ್ತದೆ. ನಮ್ಮ ಶಾಲಾ ಕ್ರೀಡಾಕೂಟಗಳ 14, 17, 19ರ ವಿಭಾಗಗಳೂ ವರ್ಷಾಂತ್ಯದ ಗಡಿಯನ್ನೇ ನೋಡುತ್ತವೆ.

ಗಡಿಭಾಗದ ಶಾಲಾ ರಿಜಿಸ್ಟರ್‌ಗಳಲ್ಲಿ ಇನ್ನೊಂದು ತೊಡಕು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ಕಾಲವಿತ್ತು; ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಈ ತಾರೀಕಿನ ಹಿರಿಯರು ಲೆಕ್ಕವಿಲ್ಲದಷ್ಟು. ಈಗ ಜನನ ಪ್ರಮಾಣಪತ್ರ ಬಂದಿದೆ, ಆ ರೂಢಿ ಕಡಿಮೆಯಾಗಿದೆ. ಆದರೂ ಕಾಗದದ ವಯಸ್ಸು ಸರಿಯಿದ್ದ ಮಾತ್ರಕ್ಕೆ ದೇಹದ ವಯಸ್ಸು ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅಕಾಡೆಮಿಗಳು ಆಗಾಗ ಹುಡುಗರನ್ನು ವಯಸ್ಸಿನ ಬದಲು ಬೆಳವಣಿಗೆಯ ಹಂತದಂತೆ ಗುಂಪು ಮಾಡಿ ಆಡಿಸುತ್ತಿರುವುದು ಇದಕ್ಕೇ.

ಹೂವಿನ ಹಡಗಲಿಯ ಗಣಿತ

ಇನ್ನು ಅಂಕಿಗಳ ಮಾತು. ಒಬ್ಬ ಹುಡುಗ ಮೂರು ಅಂಕದ ಗೆರೆಯಾಚೆಯಿಂದ, ಅಂದರೆ 6.75 ಮೀಟರ್ ದೂರದಿಂದ, 40 ಬಾರಿ ಎಸೆದು 16 ಬಾರಿ ಬುಟ್ಟಿಗೆ ಹಾಕಿದ ಎನ್ನಿ. ಶೇಕಡ 40, ಚೆನ್ನಾಗಿದೆ. ಆದರೆ ಸಂಖ್ಯಾಶಾಸ್ತ್ರ ಹೇಳುವುದು, ಅವನ ನಿಜವಾದ ಸಾಮರ್ಥ್ಯ 25ರಿಂದ 55ರವರೆಗೆ ಎಲ್ಲಿಯಾದರೂ ಇರಬಹುದು ಎಂದು. 400 ಬಾರಿ ಎಸೆದು 160 ಹಾಕಿದರೆ ಆ ಹರವು 35ರಿಂದ 45ಕ್ಕೆ ಕುಗ್ಗುತ್ತದೆ. ಅನಿಶ್ಚಿತತೆ ಅರ್ಧವಾಗಬೇಕಾದರೆ ಎಸೆತಗಳು ನಾಲ್ಕು ಪಟ್ಟಾಗಬೇಕು. ಎಷ್ಟೇ ಜಾಣ ಸೂತ್ರ ಬಳಸಿದರೂ ಇದ್ದ ಮಾಹಿತಿಯಿಂದ ಇಷ್ಟಕ್ಕಿಂತ ನಿಖರವಾಗಿ ಹೇಳಲಾಗದು ಎಂಬ ಮಿತಿಯನ್ನು 1945ರಲ್ಲಿ ತೋರಿಸಿಕೊಟ್ಟವರು ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಕ್ರಾಮರ್-ರಾವ್ ಮಿತಿ ಎಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿರುವುದು ಅದೇ.

ಮಾಹಿತಿ ಕಡಿಮೆಯಿದ್ದಾಗ ಜಾಣರು ಏನು ಮಾಡುತ್ತಾರೆ? ಅಂದಾಜನ್ನು ಗುಂಪಿನ ಸರಾಸರಿಯತ್ತ ಎಳೆಯುತ್ತಾರೆ. ಅದೇ ವಯಸ್ಸಿನವರ ಸರಾಸರಿ ಶೇಕಡ 30 ಇದ್ದರೆ, ಹುಡುಗನ ಲೆಕ್ಕಕ್ಕೆ ಉದಾಹರಣೆಗೆ 60 ಸರಾಸರಿ ಎಸೆತಗಳನ್ನು ಸೇರಿಸಿ ನೋಡುವುದು. ಆಗ 40ಕ್ಕೆ 16 ಹಾಕಿದವನ ಅಂದಾಜು ಶೇಕಡ 34. 400ಕ್ಕೆ 160 ಹಾಕಿದವನದು ಸುಮಾರು 39. ಒಂದೇ ಶೇಕಡಾವಾರು, ಆದರೆ ನಂಬಿಕೆ ಬೇರೆ. ಅರ್ಶಿನ್ ಅವರ ಆ ಒಂದು ಪಂದ್ಯದ 54 ಎಸೆತಗಳನ್ನೂ ಹೀಗೆಯೇ ಓದಬೇಕು. ಪ್ರತಿಭೆ ಇದೆ ಎನ್ನಲು ಅವು ಸಾಕು, ಮುಂದೆ ಏನಾಗುತ್ತಾರೆ ಎನ್ನಲು ಸಾಲವು.

ಯಾವ ಅಂಕಿಯನ್ನು ನೋಡಬೇಕು ಎಂಬುದೂ ಮುಖ್ಯ. ಯಾರೂ ಅಡ್ಡ ಬರದ ಫ್ರೀ ಥ್ರೋದಲ್ಲಿ ಕಾಣುವುದು ಬರೀ ಕೈಯ ಹದ. ಕಾಲೇಜಿನ ಹುಡುಗ ಮುಂದೆ ಎನ್‌ಬಿಎಯಲ್ಲಿ ದೂರದಿಂದ ಹೇಗೆ ಗುರಿಯಿಡುತ್ತಾನೆಂದು ಅಂದಾಜಿಸಲು ವಿಶ್ಲೇಷಕರು ಅವನ ಫ್ರೀ ಥ್ರೋ ಲೆಕ್ಕವನ್ನೂ ತೆರೆದು ನೋಡುತ್ತಾರೆ. ವಯಸ್ಸನ್ನೂ ಜೊತೆಗಿಟ್ಟು ತೂಗುತ್ತಾರೆ: 19ರವನೂ 22ರವನೂ ಅಷ್ಟೇ ಅಂಕ ಗಳಿಸಿದರೆ 19ರವನದೇ ತೂಕ ಹೆಚ್ಚು.

ನಮ್ಮ ಮೈದಾನಕ್ಕೆ

ಕಬಡ್ಡಿ, ಖೋಖೋ, ಕುಸ್ತಿ, ಕ್ರಿಕೆಟ್ ಮುಂದಿರುವ ಸೊಲ್ಲಾಪುರ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ದೊಡ್ಡ ಆಟವೇನಲ್ಲ. ಆದರೆ ಮೈಂದರ್ಗಿಯ ಅಥವಾ ದುಧನಿಯ ಕನ್ನಡ ಶಾಲೆಯ ಮಗು ಯಾವ ಆಟವಾಡಿದರೂ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಜರಡಿಗಳನ್ನು ದಾಟಬೇಕು. ಪ್ರತಿ ಜರಡಿಯೂ ಒಂದೆರಡು ದಿನದ ನೋಟ. ಅಲ್ಲಿ ಕಣ್ಣಿಗೆ ಬೀಳುವುದು ಆ ದಿನದ ಎತ್ತರ ಮತ್ತು ಆ ದಿನದ ಅದೃಷ್ಟ. ಮಗುವನ್ನು ವರ್ಷವಿಡೀ ನೋಡುವವರು ಶಾಲೆಯ ದೈಹಿಕ ಶಿಕ್ಷಕರು ಮಾತ್ರ.

ಅವರಿಗೆ ದುಬಾರಿ ಯಂತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕೂತ ಎತ್ತರ ಬರೆಯಿರಿ. ಯಾರ ಬೆಳವಣಿಗೆ ಶುರುವಾಗಿದೆ, ಯಾರದು ಮುಗಿಯುತ್ತ ಬಂದಿದೆ ಎಂಬ ಸುಳಿವು ಸಿಗುತ್ತದೆ. ತಂದೆತಾಯಿಯ ಎತ್ತರ ಕೇಳಿಕೊಳ್ಳಿ. ಹುಡುಗನಾದರೆ ಎರಡನ್ನೂ ಕೂಡಿಸಿ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಅರ್ಧ ಮಾಡಿ. ತಂದೆ 168, ತಾಯಿ 155 ಸೆಂಟಿಮೀಟರ್ ಇದ್ದರೆ ಮಗನ ಅಂದಾಜು 168. ಎಂಟು-ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದು. ವಾರಕ್ಕೊಮ್ಮೆ 25 ಫ್ರೀ ಥ್ರೋ ಎಸೆಸಿ ಬರೆದಿಡಿ. ನಲವತ್ತು ವಾರಕ್ಕೆ ಸಾವಿರ ಎಸೆತ. ಮೊದಲ ಐನೂರರಲ್ಲಿ ಶೇಕಡ 50 ಇದ್ದದ್ದು ಕೊನೆಯ ಐನೂರರಲ್ಲಿ 58 ಆದರೆ ಅದು ಬಹುಮಟ್ಟಿಗೆ ಅದೃಷ್ಟವಲ್ಲ, ಕಲಿಕೆ. ಹುಡುಗ ಈಗ ಎಲ್ಲಿದ್ದಾನೆ ಎಂಬುದಕ್ಕಿಂತ ಎಷ್ಟು ಬೇಗ ಕಲಿಯುತ್ತಿದ್ದಾನೆ ಎಂಬುದನ್ನು ಆ ಪುಟ ಹೇಳುತ್ತದೆ. ಮೇಲಿನ ಹಂತದ ಆಯ್ಕೆದಾರರ ಮುಂದೆ ಇಡಬೇಕಾದದ್ದೂ ಅದೇ ಪುಟ.

ಕೊನೆಯ ಮಾತು ಪಾಲಕರಿಗೂ ಶಿಕ್ಷಕರಿಗೂ. ಹದಿನಾಲ್ಕಕ್ಕೆ ಗೆಲ್ಲಿಸುತ್ತಿರುವವನನ್ನು ಹೊಗಳಿ, ಅವನಿಗೆ ಚೆಂಡು ಪುಟಿಸುವುದನ್ನೂ ಕಲಿಸಿ. ಬೆಂಚಿನ ಮೇಲೆ ಕೂತ ಗಿಡ್ಡನನ್ನು ಮಾತ್ರ ಹದಿನೇಳಾಗುವವರೆಗೆ ಯಾವ ಕಾರಣಕ್ಕೂ ಮನೆಗೆ ಕಳಿಸಬೇಡಿ.